ಆಗಸ್ಟ್ 2019ಕ್ಕೆ ಬಂದು ನಿಲ್ತಿದ್ದ ಪ್ರೋಗ್ರಾಂ: ಪೋರ್ಟ್ ಖಾಲಿಯಾಗೋದು ಅಂದ್ರೇನು?

ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಟೆಕ್ನಿಕಲ್ ವಿಷಯ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಕಂಪ್ಯೂಟರ್ ನೆಟ್‌ವರ್ಕ್ಸ್ ಪುಸ್ತಕದಲ್ಲಿ ಟಿಸಿಪಿ ಅಂತ ಒಂದು ಚಾಪ್ಟರ್ ಇರತ್ತೆ. ಅದರಲ್ಲಿ ‘ಟೈಮ್-ವೇಟ್’ ಅಂತ ಒಂದು ಡಬ್ಬಿ ಇರೋ ಚಿತ್ರವನ್ನ ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡ್ತೀವಿ. ಆ ಡಬ್ಬಿ ಕಳೆದ ರಜೆಯಲ್ಲಿ ನನ್ನನ್ನ ಎರಡು ದಿನ ಆಟ ಆಡಿಸ್ತು. ಆ ಕಥೆ ಹೇಳ್ತಾ ಪಾಠವನ್ನೂ ಹೇಳ್ತೀನಿ.

ಒಂದು ಸೂಚನೆ: ಕಮಾಂಡುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಅಜ್ಜನ ಮಳೆ ಪುಸ್ತಕ

ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನ ಬಾಳೂರಿನಲ್ಲಿ. ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗೋರಿಗೆ ಗೊತ್ತಿರತ್ತೆ. ಸುತ್ತ ಕಾಫಿ ತೋಟ, ಮಳೆಗಾಲದಲ್ಲಿ ಮೂರು ತಿಂಗಳು ಒದ್ದೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡೋದು ಹಳೇ ಅಭ್ಯಾಸ. ಅದೂ ಮಿಲಿಮೀಟರ್‌ನಲ್ಲಲ್ಲ, ಇಂಚು ಮತ್ತು ಸೆಂಟಿನಲ್ಲಿ. ಒಂದು ಇಂಚಿಗೆ 100 ಸೆಂಟು, ಅಂದ್ರೆ ಒಂದು ಸೆಂಟು 0.254 ಮಿಲಿಮೀಟರ್. ಕಾಫಿಗೆ ಮಳೆಯ ಲೆಕ್ಕ ತುಂಬಾ ಮುಖ್ಯ. ಬೇಸಿಗೆಯಲ್ಲಿ ಬೀಳೋ ಹೂ ಮಳೆ ಯಾವ ದಿನ ಬಂತು, ಎಷ್ಟು ಬಂತು ಅನ್ನೋದರ ಮೇಲೆ ಆ ವರ್ಷದ ಫಸಲು ನಿಂತಿರತ್ತೆ.

ನಮ್ಮಜ್ಜ 1981ರ ಜನವರಿ 1ರಿಂದ ಒಂದು ದಿನವೂ ಬಿಡದೆ ಬರೆದಿದ್ದಾರೆ. ಮಳೆ ಇಲ್ಲದ ದಿನ ಸೊನ್ನೆ ಹಾಕಿದ್ದಾರೆ. ಈಗ ಅವರಿಗೆ ಕಣ್ಣಿನ ಪೊರೆ. ತಮ್ಮ ಕೈಬರಹ ತಮಗೇ ಕಾಣಲ್ಲ. “ಆ ಪುಸ್ತಕ ಯಾರಾದ್ರೂ ಓದಿ ಹೇಳೋ ಹಾಗಿದ್ರೆ ಚೆನ್ನಾಗಿತ್ತು” ಅಂತ ಒಂದು ಸಲ ಅಂದ್ರು. ಸರಿ, ನಾನೂ ನನ್ನ ತಂಗಿಯೂ ಎರಡು ರಜೆ ಕೂತು 2020ರ ಡಿಸೆಂಬರ್ 31ರ ತನಕ ಟೈಪ್ ಮಾಡಿದ್ವಿ. 40 ವರ್ಷ, ಅದರಲ್ಲಿ 10 ಅಧಿಕ ವರ್ಷ. ಒಟ್ಟು 14,610 ಸಾಲು. ಈ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ನನ್ನ ಪ್ಲಾನ್ ಸರಳ. ಮನೆಯಲ್ಲಿರೋ ಹಳೇ ಡೆಸ್ಕ್‌ಟಾಪ್‌ನಲ್ಲಿ ರೆಡಿಸ್ ಡೇಟಾಬೇಸ್ ಹಾಕೋದು. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಪೈಥಾನ್ ಪ್ರೋಗ್ರಾಂ ಬರೆದು ಎಲ್ಲ ಸಾಲುಗಳನ್ನ ಅದಕ್ಕೆ ತುಂಬೋದು. ಆಮೇಲೆ ಅಜ್ಜ “1996ರಲ್ಲಿ ಹೂ ಮಳೆ ಯಾವಾಗ?” ಅಂತ ಕೇಳಿದ್ರೆ ಅದು ಉತ್ತರ ಕೊಡಬೇಕು. ಎರಡೂ ಕಂಪ್ಯೂಟರ್ ನಡುವೆ ಲ್ಯಾನ್ ಕೇಬಲ್ ಎಳೆದಿದ್ದೆ, ಯಾಕಂದ್ರೆ ನಮ್ಮ ಮನೆ ಗೋಡೆ ದಪ್ಪ, ವೈಫೈ ಒಳಗೆ ಬರಲ್ಲ. ಒಂದೊಂದು ಸಾಲಿಗೂ ಪ್ರೋಗ್ರಾಂ ಎರಡು ಕೆಲಸ ಮಾಡ್ತಿತ್ತು. ಮೊದಲು ಬರೆಯೋದು, ಆಮೇಲೆ ಬರೆದದ್ದು ಸರಿಯಾಗಿ ಕೂತಿದೆಯಾ ಅಂತ ವಾಪಸ್ ಓದಿ ನೋಡೋದು. ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲದ ಊರಲ್ಲಿ ಈ ಅನುಮಾನ ಸಹಜ.

ಓಡಿಸಿದೆ. 1981, 1990, 2000, 2010, ಸರಸರ ಹೋಯ್ತು. 40 ಸೆಕೆಂಡ್ ಆಗಿರಬಹುದು, ನಿಂತುಬಿಡ್ತು. ಪರದೆ ಮೇಲೆ ಕೆಂಪಕ್ಷರ: ‘ಎರ್ರ್‌ನೋ 99, ಕ್ಯಾನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’. ನಿಂತ ಸಾಲು ಯಾವುದು ಅಂತ ನೋಡಿದ್ರೆ 2019ರ ಆಗಸ್ಟ್ 26.

ನಾನು ಮಾಡಿದ ತಪ್ಪು ಊಹೆಗಳು

2019ರ ಆಗಸ್ಟ್ ನಮ್ಮ ಕಡೆಯವರು ಯಾರೂ ಮರೆಯೋ ತಿಂಗಳಲ್ಲ. ಆ ತಿಂಗಳ ಎರಡನೇ ವಾರ ಸುರಿದ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದವು. ಮಲೆಮನೆ, ಮಧುಗುಂಡಿ ಕಡೆ ಮನೆ, ತೋಟ, ಗದ್ದೆ ಎಲ್ಲ ಮಣ್ಣಿನಡಿ ಹೋಯ್ತು. ಅಜ್ಜನ ಪುಸ್ತಕದಲ್ಲಿ ಆ ತಿಂಗಳ ಪುಟ ನೀರು ಕುಡಿದು ಶಾಯಿ ಹರಡಿದೆ. ಅಂಕಿಯ ಪಕ್ಕ ಅಲ್ಲಲ್ಲಿ ಕನ್ನಡದಲ್ಲಿ ಟಿಪ್ಪಣಿ ಇದೆ. ಒಂದು ಕಡೆ ‘ರಾತ್ರಿ ಗುಡ್ಡ ಜರಿದ ಶಬ್ದ’ ಅಂತಿದೆ. ನಾವು ಅದನ್ನೂ ಹಾಗೇ ಟೈಪ್ ಮಾಡಿದ್ವಿ.

ಹಾಗಾಗಿ ನನ್ನ ಮೊದಲ ಅನುಮಾನ ಡೇಟಾ ಮೇಲೆ. ಅಂಕಿ ದೊಡ್ಡದಾಯ್ತಾ? ಟಿಪ್ಪಣಿಯಲ್ಲಿ ಕನ್ನಡ ಅಕ್ಷರ ಇರೋದ್ರಿಂದ ಯೂನಿಕೋಡ್ ತೊಂದರೆಯಾ? ಎರಡೂ ಅಲ್ಲ. 2019ಕ್ಕಿಂತ ಮುಂಚೆಯೂ ಕನ್ನಡ ಟಿಪ್ಪಣಿ ಎಷ್ಟೋ ಇತ್ತು, ಅವೆಲ್ಲ ಸರಾಗವಾಗಿ ಹೋಗಿದ್ವು.

ಎರಡನೇ ಅನುಮಾನ ನೆಟ್‌ವರ್ಕ್ ಮೇಲೆ. ನಮ್ಮ ಊರಿನವರಿಗೆ ಇದು ರಕ್ತದಲ್ಲೇ ಬಂದಿದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ ಛತ್ರಿ ಹಿಡಿದು ಕೂತವರು ನಾವು. ಏನೇ ನಿಂತರೂ ಟವರ್ರು, ಕರೆಂಟು, ಮಳೆ ಅಂತ ಹೊರಗಿನದನ್ನೇ ಬೈತೀವಿ. ಆದ್ರೆ ಇಲ್ಲಿ ಇಂಟರ್ನೆಟ್ಟೇ ಇಲ್ಲ! ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಕೇಬಲ್. ಪಿಂಗ್ ಮಾಡಿದ್ರೆ ಉತ್ತರ ಬರ್ತಿತ್ತು. ಕೇಬಲ್ ಬದಲಾಯಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ.

ಮತ್ತೆ ತಕ್ಷಣ ಓಡಿಸಿದೆ. ಈ ಸಲ 1981ರ ಜನವರಿ 1ಕ್ಕೇ, ಮೊದಲ ಸಾಲಿಗೇ ಅದೇ ಎರರ್! ಬೇಜಾರಾಗಿ ಎದ್ದುಹೋಗಿ ಕಾಫಿ ಕುಡಿದು ಬಂದೆ. ಓಡಿಸಿದೆ. ಪುನಃ 1981, 1990, 2000 ಅಂತ ಸರಾಗ ಹೋಗಿ 2019ರ ಆಗಸ್ಟ್ 25ಕ್ಕೆ ನಿಂತಿತು. ಹಿಂದಿನ ಸಲ 26, ಈ ಸಲ 25.

ಅಜ್ಜ ಜಗಲಿಯಿಂದಲೇ ಕೇಳಿದ್ರು: “ಎಂತದಾ ಮಾರಾಯ, ಆ ವರ್ಷ ಬಂದ್ರೆ ನಿನ್ನ ಕಂಪ್ಯೂಟರ್ರೂ ಹೆದರ್ತದಾ?”

ಈಗ ನಾನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾದ ಭಾಗ. ಸಾಕಾಗಿ ಹೋಗಿತ್ತು. 40 ವರ್ಷದಲ್ಲಿ ಒಂದು ತಿಂಗಳು ಇಲ್ಲದಿದ್ರೆ ಏನಾಯ್ತು ಅಂತ 2019ರ ಆಗಸ್ಟಿನ 31 ಸಾಲನ್ನ ಫೈಲ್‌ನಿಂದ ಅಳಿಸಿದೆ. ಓಡಿಸಿದೆ. ಪ್ರೋಗ್ರಾಂ ಆಗಸ್ಟ್ ದಾಟಿತು. ಖುಷಿಯಾಗೋಷ್ಟರಲ್ಲಿ ಮತ್ತೆ ನಿಂತಿತು, 2019ರ ಸೆಪ್ಟೆಂಬರ್ 26ಕ್ಕೆ.

31 ಸಾಲು ತೆಗೆದ್ರೆ ನಿಲ್ಲೋ ಜಾಗ 31 ದಿನ ಮುಂದೆ ಹೋಯ್ತು! ಆಗ ತಲೆಗೆ ಹೊಳೀತು. ತಪ್ಪು ಆ ದಿನಾಂಕದಲ್ಲಿಲ್ಲ, ಎಣಿಕೆಯಲ್ಲಿದೆ. ಎಷ್ಟನೇ ಸಾಲು ಅಂತ ಎಣಿಸಿದೆ. ಪ್ರತೀ ಸಲವೂ 14,117ನೇ ಸಾಲು ಅಥವಾ ಅದರ ಆಸುಪಾಸು.

ಇದು ಈ ಲೇಖನದ ಮೊದಲ ಪಾಠ. ಪ್ರೋಗ್ರಾಂ ಒಂದೇ ಜಾಗದಲ್ಲಿ ನಿಲ್ತಾ ಇದ್ರೆ ಕೇಳಬೇಕಾದ ಪ್ರಶ್ನೆ: ಅದು ಒಂದೇ ಡೇಟಾಗೆ ನಿಲ್ತಿದೆಯಾ, ಒಂದೇ ಎಣಿಕೆಗೆ ನಿಲ್ತಿದೆಯಾ? ಡೇಟಾ ಸ್ವಲ್ಪ ಕಡಿಮೆ ಮಾಡಿ ಅಥವಾ ಕ್ರಮ ತಿರುಗಿಸಿ ಓಡಿಸಿ. ನಿಲ್ಲೋ ಸಾಲು ಬದಲಾಗಿ ಎಣಿಕೆ ಬದಲಾಗದಿದ್ರೆ, ಎಲ್ಲೋ ಒಂದು ಮಿತಿಗೆ ತಲೆ ಹೊಡೀತಿದ್ದೀರಿ ಅಂತ ಅರ್ಥ.

ಯಾವ ಮಿತಿ?

ಎರಡು ಕಂಪ್ಯೂಟರ್ ಟಿಸಿಪಿಯಲ್ಲಿ ಮಾತಾಡುವಾಗ ಒಂದು ಕನೆಕ್ಷನ್ ಗುರುತಿಸೋಕೆ ನಾಲ್ಕು ವಿವರ ಬೇಕು: ಕಳಿಸೋರ ಐಪಿ ವಿಳಾಸ, ಕಳಿಸೋರ ಪೋರ್ಟ್, ಪಡೆಯೋರ ಐಪಿ ವಿಳಾಸ, ಪಡೆಯೋರ ಪೋರ್ಟ್. ಈ ನಾಲ್ಕೂ ಸೇರಿ ಒಂದು ಕನೆಕ್ಷನ್ನಿನ ಗುರುತು. ಒಂದೇ ಸಮಯಕ್ಕೆ ಎರಡು ಕನೆಕ್ಷನ್ನಿಗೆ ನಾಲ್ಕೂ ಒಂದೇ ಇರೋ ಹಾಗಿಲ್ಲ.

ನನ್ನ ವಿಷಯದಲ್ಲಿ ನೋಡಿ. ಲ್ಯಾಪ್‌ಟಾಪ್ ವಿಳಾಸ ಒಂದೇ. ಡೆಸ್ಕ್‌ಟಾಪ್ ವಿಳಾಸ ಒಂದೇ. ರೆಡಿಸ್ ಕೇಳಿಸಿಕೊಳ್ಳೋ ಪೋರ್ಟ್ 6379, ಅದೂ ಒಂದೇ. ಬದಲಾಗಬಹುದಾದದ್ದು ನನ್ನ ಕಡೆಯ ಪೋರ್ಟ್ ಮಾತ್ರ. ಇದನ್ನ ನಾವು ಆರಿಸಲ್ಲ, ಪ್ರತಿ ಹೊಸ ಕನೆಕ್ಷನ್ನಿಗೂ ಆಪರೇಟಿಂಗ್ ಸಿಸ್ಟಂ ತನ್ನ ಹತ್ತಿರ ಇರೋ ಖಾಲಿ ನಂಬರ್‌ಗಳಲ್ಲಿ ಒಂದನ್ನ ಕೊಡತ್ತೆ. ಇವಕ್ಕೆ ತಾತ್ಕಾಲಿಕ ಪೋರ್ಟ್ ಅನ್ನೋಣ.

ಪೋರ್ಟ್ ನಂಬರ್ 16 ಬಿಟ್, ಅಂದ್ರೆ 0ಯಿಂದ 65,535. ಆದ್ರೆ ಎಲ್ಲವನ್ನೂ ತಾತ್ಕಾಲಿಕ ಬಳಕೆಗೆ ಕೊಡಲ್ಲ. ಲಿನಕ್ಸ್ ಸಾಮಾನ್ಯವಾಗಿ 32768ರಿಂದ 60999ರ ತನಕ ಮಾತ್ರ ಕೊಡತ್ತೆ. ಎಣಿಸಿ: 60999ರಿಂದ 32768 ಕಳೆದು ಒಂದು ಸೇರಿಸಿದ್ರೆ 28,232.

ನನ್ನ ಪ್ರೋಗ್ರಾಂ ಒಂದು ಸಾಲಿಗೆ ಎರಡು ಸಲ ರೆಡಿಸ್ ಜೊತೆ ಮಾತಾಡ್ತಿತ್ತು. ಎರಡು ಸಲವೂ ಹೊಸ ಕನೆಕ್ಷನ್ ತೆಗೆದು, ಮಾತಾಡಿ, ಮುಚ್ಚುತ್ತಿತ್ತು. 28,232ನ್ನ ಎರಡರಿಂದ ಭಾಗಿಸಿ: 14,116. ಅಷ್ಟು ಸಾಲು ಮುಗಿದು 14,117ನೇ ಸಾಲಿಗೆ ಬಂದಾಗ ಕೊಡೋಕೆ ಪೋರ್ಟೇ ಇಲ್ಲ. 1981ರ ಜನವರಿ 1ರಿಂದ ಎಣಿಸಿದ್ರೆ 14,117ನೇ ದಿನ ಯಾವುದು ಗೊತ್ತಾ? 2019ರ ಆಗಸ್ಟ್ 26. ಕ್ಯಾಲ್ಕುಲೇಟರ್ ಹಿಡಿದು ನೀವೂ ಮಾಡಿ ನೋಡಿ. ನಡುವೆ ಬೇರೆ ಯಾವುದೋ ಪ್ರೋಗ್ರಾಂ ಒಂದೆರಡು ಪೋರ್ಟ್ ಹಿಡಿದುಕೊಂಡಿದ್ರೆ ಒಂದು ದಿನ ಹಿಂದಕ್ಕೆ, 25ಕ್ಕೆ ನಿಲ್ಲತ್ತೆ.

ಎರರ್ ಸಂದೇಶ ಹೇಳಿದ್ದೂ ಅದನ್ನೇ. ಕೇಳಿದ ವಿಳಾಸ ಕೊಡೋಕಾಗ್ತಿಲ್ಲ. ಆ ವಿಳಾಸ ಅಂದ್ರೆ ಡೆಸ್ಕ್‌ಟಾಪಿನದ್ದು ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ನನ್ನ ಲ್ಯಾಪ್‌ಟಾಪಿನದ್ದೇ. ಪ್ಯಾಕೆಟ್ ಮನೆ ಬಾಗಿಲು ದಾಟಿರಲೇ ಇಲ್ಲ, ನಾನು ಮಾತ್ರ ಹೊರಗಿನ ಕೇಬಲ್ ಬದಲಾಯಿಸ್ತಾ ಕೂತಿದ್ದೆ.

ಮುಚ್ಚಿದ ಮೇಲೂ ಯಾಕೆ ಖಾಲಿ ಇಲ್ಲ?

ಇಲ್ಲಿ ಒಂದು ಪ್ರಶ್ನೆ ಬರಬೇಕು. ಪ್ರೋಗ್ರಾಂ ಪ್ರತಿ ಕನೆಕ್ಷನ್ ಮುಚ್ಚುತ್ತಿತ್ತಲ್ಲ, ಆ ಪೋರ್ಟ್ ವಾಪಸ್ ಸಿಗಬೇಕಿತ್ತಲ್ವಾ?

ಸಿಗತ್ತೆ, ಆದ್ರೆ ತಕ್ಷಣ ಅಲ್ಲ. ಕನೆಕ್ಷನ್ನನ್ನ ಯಾರು ಮೊದಲು ಮುಚ್ಚುತ್ತಾರೋ ಅವರ ಕಡೆ ಅದು ಸ್ವಲ್ಪ ಹೊತ್ತು ಟೈಮ್-ವೇಟ್ ಸ್ಥಿತಿಯಲ್ಲಿ ಕೂರತ್ತೆ. ಲಿನಕ್ಸ್‌ನಲ್ಲಿ ಈ ಹೊತ್ತು 60 ಸೆಕೆಂಡ್. ಅಷ್ಟು ಹೊತ್ತು ಅದೇ ಗುರಿಗೆ ಆ ಪೋರ್ಟನ್ನ ಮತ್ತೆ ಕೊಡಲ್ಲ.

ಯಾಕೆ ಅಂತ ನಮ್ಮ ತೋಟದ ಉದಾಹರಣೆಯಲ್ಲಿ ಹೇಳ್ತೀನಿ. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಕ ಆಗತ್ತೆ. ಒಬ್ಬೊಬ್ಬ ಕೆಲಸದವರಿಗೂ ಒಂದು ನಂಬರ್, ಅವರ ಮೂಟೆ ಮೇಲೆ ಆ ನಂಬರಿನ ಚೀಟಿ ಅಂತ ಇಟ್ಕೊಳ್ಳಿ. 17ನೇ ನಂಬರಿನವರು ಲೆಕ್ಕ ಮುಗಿಸಿ ಮನೆಗೆ ಹೊರಟರು. ರೈಟರ್ ಆಗಲೇ 17ನ್ನ ಹೊಸಬರಿಗೆ ಕೊಟ್ಟುಬಿಟ್ರೆ? ತೋಟದ ಕೆಳಗಿನ ಬ್ಲಾಕಿನಲ್ಲಿ ಉಳಿದಿದ್ದ ಹಳೇ 17ರ ಒಂದು ಮೂಟೆ ಕಡೇ ಜೀಪಿನಲ್ಲಿ ಬಂದಾಗ ಅದು ಹೊಸಬರ ಲೆಕ್ಕಕ್ಕೆ ಸೇರಿಬಿಡತ್ತೆ. ಅದಕ್ಕೇ ಬುದ್ಧಿವಂತ ರೈಟರ್ ಕಡೇ ಜೀಪ್ ಬರೋ ತನಕ ನಂಬರ್ ಹಿಡಿದಿಟ್ಕೊಳ್ತಾರೆ.

ಟಿಸಿಪಿಯೂ ಅದನ್ನೇ ಮಾಡೋದು. ದಾರಿಯಲ್ಲಿ ತಡವಾದ ಹಳೇ ಪ್ಯಾಕೆಟ್ ಹೊಸ ಕನೆಕ್ಷನ್ನಿಗೆ ಸೇರಬಾರದು, ಇದು ಮೊದಲ ಕಾರಣ. ಎರಡನೆಯದು, ಮುಚ್ಚುವಾಗ ನಾವು ಕಳಿಸಿದ ಕೊನೆಯ ‘ಆಯ್ತು’ ದಾರಿಯಲ್ಲಿ ಕಳೆದುಹೋದ್ರೆ ಆ ಕಡೆಯವರು ‘ಮುಚ್ತೀನಿ’ ಅಂತ ಮತ್ತೆ ಕೇಳ್ತಾರೆ. ಆಗ ಉತ್ತರ ಕೊಡೋಕೆ ಈ ಕಡೆ ಯಾರಾದ್ರೂ ಇರಬೇಕು. 1981ರ ಟಿಸಿಪಿ ದಾಖಲೆ ಆರ್‌ಎಫ್‌ಸಿ 793ರಲ್ಲೇ ಇದು ಇದೆ. ಒಂದು ಪ್ಯಾಕೆಟ್ ನೆಟ್‌ವರ್ಕಿನಲ್ಲಿ ಹೆಚ್ಚೆಂದರೆ ಎರಡು ನಿಮಿಷ ಬದುಕಿರಬಹುದು ಅಂತ ಇಟ್ಟುಕೊಂಡು, ಅದರ ಎರಡರಷ್ಟು ಕಾಯಿರಿ ಅಂತ ಅದು ಹೇಳಿತ್ತು. ಲಿನಕ್ಸ್ ಇದನ್ನ ಒಂದು ನಿಮಿಷಕ್ಕೆ ಇಳಿಸಿಕೊಂಡಿದೆ. ಅಜ್ಜ ಮಳೆ ಬರೆಯೋಕೆ ಶುರು ಮಾಡಿದ್ದೂ, ಆ ದಾಖಲೆ ಬಂದಿದ್ದೂ ಒಂದೇ ವರ್ಷ!

ಈಗ ನನ್ನ ಎಲ್ಲ ಒಗಟೂ ಬಿಡಿಸಿಕೊಂಡವು. ಪ್ರೋಗ್ರಾಂ ಸೆಕೆಂಡಿಗೆ ಸುಮಾರು 700 ಕನೆಕ್ಷನ್ ತೆಗೀತಿತ್ತು. 40 ಸೆಕೆಂಡಿಗೆ 28,000. ಮೊದಲನೇ ಪೋರ್ಟ್ 60ನೇ ಸೆಕೆಂಡಿಗೆ ವಾಪಸ್ ಸಿಗಬೇಕು, ಅಷ್ಟರೊಳಗೆ ಚೀಲ ಖಾಲಿ. ತಕ್ಷಣ ಓಡಿಸಿದ್ರೆ 1981ಕ್ಕೇ ನಿಂತದ್ದು ಯಾಕಂದ್ರೆ ಒಂದೂ ಪೋರ್ಟ್ ವಾಪಸ್ ಬಂದಿರಲಿಲ್ಲ. ಕಾಫಿ ಕುಡಿದು ಬಂದ್ರೆ ಸರಿಹೋಗಿದ್ದು ಯಾಕಂದ್ರೆ ಅಷ್ಟರಲ್ಲಿ ಎಲ್ಲವೂ ವಾಪಸ್ ಬಂದಿದ್ವು. ಸೂತ್ರ ಬೇಕಾದ್ರೆ: ಪೋರ್ಟ್ ಸಂಖ್ಯೆಯನ್ನ ಕಾಯೋ ಸಮಯದಿಂದ ಭಾಗಿಸಿ. 28,232 ಭಾಗ 60, ಅಂದ್ರೆ ಸುಮಾರು 470. ಒಂದೇ ಗುರಿಗೆ ಸೆಕೆಂಡಿಗೆ 470ಕ್ಕಿಂತ ಹೆಚ್ಚು ಹೊಸ ಕನೆಕ್ಷನ್ ಎಡೆಬಿಡದೆ ತೆಗೀತಾ ಇದ್ರೆ ಇಂದಲ್ಲ ನಾಳೆ ಈ ಎರರ್ ಬಂದೇ ಬರತ್ತೆ.

ವಿಂಡೋಸ್ ಬಳಸೋರಿಗೆ: ವಿಸ್ಟಾದಿಂದ ಈಚೆಗೆ ಅದು ಸಾಮಾನ್ಯವಾಗಿ 49152ರಿಂದ 65535ರ ತನಕ ಕೊಡತ್ತೆ, ಒಟ್ಟು 16,384. ಅದಕ್ಕೂ ಹಿಂದಿನ ವಿಂಡೋಸ್‌ಗಳಲ್ಲಿ 1025ರಿಂದ 5000, ನಾಲ್ಕು ಸಾವಿರವೂ ಇಲ್ಲ. ನನ್ನ ಪ್ರೋಗ್ರಾಂ ವಿಂಡೋಸ್‌ನಲ್ಲಿ ಓಡಿದ್ದಿದ್ರೆ ಬರೀ ಲೆಕ್ಕದ ಪ್ರಕಾರ 8,193ನೇ ಸಾಲಿಗೆ, ಅಂದ್ರೆ 2003ರ ಜೂನ್ 7ಕ್ಕೆ ನಿಲ್ಲಬೇಕಿತ್ತು. ಆಗ ನಾನು ಮುಂಗಾರಿನ ಅಂಕಿ ಮೇಲೆ ಅನುಮಾನ ಪಡ್ತಿದ್ದೆನೋ ಏನೋ.

ನೋಡೋದು ಹೇಗೆ?

ಊಹೆ ಸಾಕು, ಕಣ್ಣಾರೆ ನೋಡಬೇಕು. ಲಿನಕ್ಸ್‌ನಲ್ಲಿ ಮೂರು ಹೆಜ್ಜೆ.

1. ‘ಎಸ್‌ಎಸ್ -ಎಸ್’ ಅಂತ ಕೊಡಿ. ಯಾವ ಸ್ಥಿತಿಯಲ್ಲಿ ಎಷ್ಟು ಕನೆಕ್ಷನ್ ಇದೆ ಅಂತ ಸಾರಾಂಶ ಬರತ್ತೆ. ನನ್ನ ಪ್ರೋಗ್ರಾಂ ನಿಂತ ಕ್ಷಣದಲ್ಲಿ ಟೈಮ್-ವೇಟ್ ಸಂಖ್ಯೆ 28 ಸಾವಿರ ದಾಟಿತ್ತು. ಒಂದು ನಿಮಿಷ ಕಾದು ಮತ್ತೆ ಕೊಟ್ಟೆ, ಹತ್ತಿರ ಹತ್ತಿರ ಸೊನ್ನೆ.

2. ‘ಸಿಸ್‌ಸಿಟಿಎಲ್ ನೆಟ್.ಐಪಿವಿ4.ಐಪಿ_ಲೋಕಲ್_ಪೋರ್ಟ್_ರೇಂಜ್’ ಅಂತ ಕೊಡಿ. ನಿಮ್ಮ ಮೆಷಿನ್ನಿನ ಮಿತಿ ಎಷ್ಟು ಅಂತ ತೋರಿಸತ್ತೆ. ವಿಂಡೋಸ್‌ನಲ್ಲಿ ‘ನೆಟ್‌ಎಸ್‌ಎಚ್ ಇಂಟ್ ಐಪಿವಿ4 ಶೋ ಡೈನಾಮಿಕ್‌ಪೋರ್ಟ್ ಟಿಸಿಪಿ’.

3. ಯಾವ ಸ್ಥಿತಿ ಜಾಸ್ತಿ ಇದೆ ಅಂತ ಗಮನಿಸಿ. ಟೈಮ್-ವೇಟ್ ಜಾಸ್ತಿ ಇದ್ರೆ ನೀವು ಬೇಗ ಬೇಗ ತೆಗೆದು ಮುಚ್ತಾ ಇದ್ದೀರಿ. ‘ಕ್ಲೋಸ್-ವೇಟ್’ ಜಾಸ್ತಿ ಇದ್ರೆ ಆ ಕಡೆಯವರು ಮುಚ್ಚಿದ್ದಾರೆ, ನಿಮ್ಮ ಕೋಡ್ ಮುಚ್ಚೋದು ಮರೆತಿದೆ. ಟೈಮ್-ವೇಟ್ ತಾನಾಗೇ ಹೋಗತ್ತೆ. ಕ್ಲೋಸ್-ವೇಟ್ ಹೋಗಲ್ಲ, ಕೋಡ್ ಸರಿ ಮಾಡಬೇಕು.

ಕನೆಕ್ಷನ್ ಎರರ್ ಎಲ್ಲ ಒಂದೇ ಅಲ್ಲ. ಲ್ಯಾಬಿನಲ್ಲಿ ನಮಗೆ ಹೆಚ್ಚು ಸಿಗೋ ಐದನ್ನ ಹೀಗೆ ಓದಿಕೊಳ್ಳಿ. ನಂಬರ್‌ಗಳು ಲಿನಕ್ಸಿನವು.

‘ಕನೆಕ್ಷನ್ ರೆಫ್ಯೂಸ್ಡ್’, 111: ಸಾಮಾನ್ಯವಾಗಿ ಆ ಮನೆ ತಲುಪಿದ್ದೀರಿ, ಆ ಬಾಗಿಲಲ್ಲಿ ಯಾರೂ ಇಲ್ಲ. ಸರ್ವರ್ ಶುರುವಾಗಿದೆಯಾ, ಪೋರ್ಟ್ ನಂಬರ್ ಸರಿಯಾ ನೋಡಿ.

‘ಕನೆಕ್ಷನ್ ಟೈಮ್ಡ್ ಔಟ್’, 110: ಉತ್ತರವೇ ಬರಲಿಲ್ಲ. ಕೇಬಲ್, ಫೈರ್‌ವಾಲ್, ತಪ್ಪು ವಿಳಾಸ, ಟವರ್ರು ಎಲ್ಲ ಇಲ್ಲಿ ಬೈಯಿರಿ.

‘ಅಡ್ರೆಸ್ ಆಲ್ರೆಡಿ ಇನ್ ಯೂಸ್’, 98: ನೀವು ಶುರು ಮಾಡಬೇಕೆಂದಿರೋ ಸರ್ವರಿನ ಪೋರ್ಟನ್ನ ಬೇರೆ ಯಾರೋ ಹಿಡಿದಿದ್ದಾರೆ. ಹೆಚ್ಚಾಗಿ ನೀವೇ ಓಡಿಸಿ ಮರೆತ ಹಳೇ ಪ್ರೋಗ್ರಾಂ.

‘ಟೂ ಮೆನಿ ಓಪನ್ ಫೈಲ್ಸ್’, 24: ಲಿನಕ್ಸ್‌ನಲ್ಲಿ ಪ್ರತಿ ಕನೆಕ್ಷನ್ನೂ ಒಂದು ತೆರೆದ ಫೈಲ್ ಲೆಕ್ಕ. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 1,024ರ ಮಿತಿ. ‘ಯುಲಿಮಿಟ್ -ಎನ್’ ಕೊಟ್ಟು ನೋಡಿ.

‘ಕ್ಯಾನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’, 99: ತೊಂದರೆ ನಿಮ್ಮ ಮೆಷಿನ್ನಿನಲ್ಲೇ. ಪೋರ್ಟ್ ಖಾಲಿ, ಇಲ್ಲವೇ ನಿಮ್ಮದಲ್ಲದ ಐಪಿ ವಿಳಾಸವನ್ನ ನಿಮ್ಮದು ಅಂತ ಕೊಟ್ಟಿದ್ದೀರಿ.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ಸರಿ ಮಾಡಿಬಿಡೋಣ. ವೈವಾದಲ್ಲಿ ಎಷ್ಟೋ ಜನ “ಒಂದು ಸರ್ವರಿಗೆ 65 ಸಾವಿರ ಕನೆಕ್ಷನ್ ಮಾತ್ರ ಬರಬಹುದು” ಅಂತಾರೆ. ತಪ್ಪು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 6,000ಕ್ಕೂ ಹೆಚ್ಚು ಮಳೆಮಾಪಕಗಳು ರಾಜ್ಯದ ಪಂಚಾಯಿತಿಗಳಲ್ಲಿವೆ, ತಾವಾಗೇ ಲೆಕ್ಕ ಕಳಿಸ್ತವೆ. ಅಂಥವು ಲಕ್ಷ ಇದ್ದು, ಬೇರೆ ಬೇರೆ ವಿಳಾಸಗಳಿಂದ ಒಂದೇ ಸರ್ವರಿನ ಒಂದೇ ಪೋರ್ಟಿಗೆ ಬಂದ್ರೂ ಪೋರ್ಟ್ ಖಾಲಿಯಾಗಲ್ಲ. ಯಾಕಂದ್ರೆ ನಾಲ್ಕು ವಿವರದಲ್ಲಿ ಕಳಿಸೋರ ವಿಳಾಸವೇ ಬೇರೆ ಬೇರೆ. ಪೋರ್ಟ್ ಖಾಲಿಯಾಗೋದು ಒಬ್ಬರೇ ಒಂದೇ ಗುರಿಗೆ ಪದೇ ಪದೇ ಹೋದಾಗ. ಹಾಸ್ಟೆಲಿನಂಥ ಕಡೆ ನೂರಾರು ಜನ ಒಂದೇ ಹೊರಗಿನ ಐಪಿ ವಿಳಾಸ ಹಂಚಿಕೊಂಡಿದ್ರೆ, ಹೊರಗಿನವರ ಕಣ್ಣಿಗೆ ಅವರೆಲ್ಲ ಸೇರಿ ‘ಒಬ್ಬರು’. ಅಲ್ಲೂ ಇದೇ ಲೆಕ್ಕ ಬರತ್ತೆ.

ಸರಿ ಮಾಡೋದು ಹೇಗೆ?

ನನ್ನ ಗೆಳೆಯನಿಗೆ ಫೋನ್ ಮಾಡಿದಾಗ ಅವನು ಕೊಟ್ಟ ಮೊದಲ ಸಲಹೆ: “ಪ್ರತಿ ಕನೆಕ್ಷನ್ ಆದ್ಮೇಲೆ ಒಂದು ಮಿಲಿಸೆಕೆಂಡ್ ಸ್ಲೀಪ್ ಹಾಕು ಮಗಾ.” ಹಾಕಿದೆ, ಕೆಲಸ ಮಾಡ್ತು! ವೇಗ ಸೆಕೆಂಡಿಗೆ 470ಕ್ಕಿಂತ ಕೆಳಗೆ ಬಂತಲ್ಲ, ಅದಕ್ಕೆ. ಆದ್ರೆ ಇದು ಜ್ವರದ ಮಾತ್ರೆ, ರೋಗ ಹಾಗೇ ಇರತ್ತೆ. ನಾಳೆ ಎರಡು ಪ್ರೋಗ್ರಾಂ ಒಟ್ಟಿಗೆ ಓಡಿದ್ರೆ ಮತ್ತೆ ಅದೇ ಕಥೆ.

ಎರಡನೇ ದಾರಿ, ಮಿತಿ ಹೆಚ್ಚಿಸೋದು. ಪೋರ್ಟ್ ರೇಂಜನ್ನ 1024ರಿಂದ 65535ರ ತನಕ ಮಾಡಿದ್ರೆ 64,512 ಸಿಗತ್ತೆ, ಎರಡರಷ್ಟಕ್ಕಿಂತ ಜಾಸ್ತಿ. ಆದ್ರೆ ಬೇರೆ ಸರ್ವರ್‌ಗಳು ಬಳಸೋ ನಂಬರ್‌ಗಳೂ ಅದರೊಳಗೆ ಬರ್ತವೆ, ಜಗಳ ಆಗಬಹುದು. ‘ಟಿಸಿಪಿ_ಟಿಡಬ್ಲ್ಯು_ರೀಯೂಸ್’ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನ 1 ಮಾಡಿದ್ರೆ, ಹೊರಗೆ ಹೋಗೋ ಹೊಸ ಕನೆಕ್ಷನ್ನಿಗೆ ಟೈಮ್-ವೇಟ್‌ನಲ್ಲಿರೋ ಪೋರ್ಟನ್ನ ಟೈಮ್‌ಸ್ಟ್ಯಾಂಪ್ ನೋಡಿ ಕೊಡತ್ತೆ. ಹಳೇ ಸಲಹೆಗಳಲ್ಲಿ ‘ಟಿಸಿಪಿ_ಟಿಡಬ್ಲ್ಯು_ರೀಸೈಕಲ್’ ಅಂತ ಇನ್ನೊಂದು ಸಿಗತ್ತೆ. ಅದನ್ನ ಮುಟ್ಟಬೇಡಿ. ಒಂದೇ ವಿಳಾಸ ಹಂಚಿಕೊಂಡಿರೋರ ಕನೆಕ್ಷನ್ ಅದರಿಂದ ಬಿದ್ದುಹೋಗ್ತಿತ್ತು, ಹಾಗಾಗಿ 2017ರಲ್ಲಿ ಲಿನಕ್ಸ್ 4.12ರಿಂದ ಅದನ್ನ ತೆಗೆದೇ ಹಾಕಿದ್ದಾರೆ. ‘ಟಿಸಿಪಿ_ಫಿನ್_ಟೈಮ್‌ಔಟ್’ ಕಡಿಮೆ ಮಾಡಿ ಅಂತಾನೂ ಕೆಲವರು ಹೇಳ್ತಾರೆ. ಅದು ಫಿನ್-ವೇಟ್-2 ಅನ್ನೋ ಬೇರೆ ಸ್ಥಿತಿಗೆ ಸಂಬಂಧಿಸಿದ್ದು, ಟೈಮ್-ವೇಟ್‌ಗೆ ಅಲ್ಲ.

ಸರಿಯಾದ ದಾರಿ ಇದಕ್ಕಿಂತೆಲ್ಲ ಸುಲಭ. ಕನೆಕ್ಷನ್ ಒಂದು ಸಲ ತೆಗೆದು, ಎಲ್ಲ ಕೆಲಸ ಅದರಲ್ಲೇ ಮಾಡಿ, ಕೊನೆಗೆ ಒಂದು ಸಲ ಮುಚ್ಚಿ. ಅಂಗಡಿಯಿಂದ ಇಪ್ಪತ್ತು ಸಾಮಾನು ತರಬೇಕಾದ್ರೆ ಇಪ್ಪತ್ತು ಸಲ ಮೂಡಿಗೆರೆ ಬಸ್ ಹತ್ತಲ್ಲ ನಾವು. ನನ್ನ ಕೋಡಿನಲ್ಲಿ ಕನೆಕ್ಷನ್ ತೆಗೆಯೋ ಒಂದು ಸಾಲು ಲೂಪ್ ಒಳಗಿತ್ತು. ಅದನ್ನ ಲೂಪ್ ಹೊರಗೆ, ಮೇಲಕ್ಕೆ ತಂದೆ. ಅಷ್ಟೇ. 29,220 ಕನೆಕ್ಷನ್ ಹೋಗಿ ಒಂದಾಯ್ತು. ವೆಬ್ ಪ್ರಾಜೆಕ್ಟ್ ಮಾಡೋರು ಇದನ್ನೇ ಕನೆಕ್ಷನ್ ಪೂಲ್ ಮೂಲಕ ಮಾಡ್ತಾರೆ, ಹತ್ತಿಪ್ಪತ್ತು ಕನೆಕ್ಷನ್ ತೆರೆದಿಟ್ಟುಕೊಂಡು ಸರದಿಯಲ್ಲಿ ಬಳಸೋದು. ಎಚ್‌ಟಿಟಿಪಿಯಲ್ಲಿ ಕೀಪ್-ಅಲೈವ್ ಅನ್ನೋದೂ ಇದೇ ಉಪಾಯ. ಪೈಥಾನ್ ರಿಕ್ವೆಸ್ಟ್ಸ್ ಬಳಸೋರು ಪ್ರತಿ ಸಲ ನೇರ ಗೆಟ್ ಮಾಡೋ ಬದಲು ಒಂದು ಸೆಷನ್ ಮಾಡಿಕೊಂಡು ಅದರಲ್ಲೇ ಗೆಟ್ ಮಾಡಿ.

ಹೊಸ ಕೋಡ್ ಓಡಿಸೋ ಮುಂಚೆ ಇನ್ನೊಂದು ಕೆಲಸ ಇತ್ತು. ಅಳಿಸಿದ್ದ 31 ಸಾಲನ್ನ ಪುಸ್ತಕ ನೋಡಿಕೊಂಡು ಮತ್ತೆ ಟೈಪ್ ಮಾಡಿದೆ. ಬ್ಯಾಕಪ್ ಇಟ್ಟಿರಲಿಲ್ಲ, ಅದು ಬೇರೆ ಬೈಗುಳಕ್ಕೆ ಯೋಗ್ಯವಾದ ತಪ್ಪು. ಶಾಯಿ ಹರಡಿದ ಕಡೆ ಅಂಕಿ ಗೊತ್ತಾಗದಿದ್ದಾಗ ಅಜ್ಜನನ್ನ ಕೇಳಿದೆ. ಕಣ್ಣು ಕಾಣದಿದ್ರೂ ಆ ತಿಂಗಳ ಒಂದೊಂದು ದಿನವೂ ಅವರಿಗೆ ಬಾಯಲ್ಲೇ ಇತ್ತು. ಯಾವ ದಿನ ರಸ್ತೆ ಮುಚ್ಚಿತು, ಯಾವ ದಿನ ಯಾರ ಮನೆಯವರು ನಮ್ಮಲ್ಲಿ ಬಂದು ಮಲಗಿದ್ರು, ಎಲ್ಲ.

ಪ್ರೋಗ್ರಾಂ ಮೂರ್ನಾಲ್ಕು ಸೆಕೆಂಡಿನಲ್ಲಿ 14,610 ಸಾಲನ್ನೂ ಮುಗಿಸಿತು. ಅಜ್ಜನಿಗೆ ಹೇಳಿದೆ. “2019 ದಾಟಿತಾ?” ಅಂದ್ರು. “ದಾಟಿತು ಅಜ್ಜ. ಅದರ ತಪ್ಪಲ್ಲ, ನನ್ನದೇ ತಪ್ಪು” ಅಂದೆ. “ಹಂಗಾರೆ ಆ ತಿಂಗಳದ್ದು ಒಂದ್ಸಲ ಓದು ನೋಡಾನ” ಅಂದ್ರು. ಓದಿದೆ.

ಕೊನೆಗೆ ನಿಮಗೊಂದು ಲ್ಯಾಬ್ ಕೆಲಸ. ನಿಮ್ಮ ಮಿನಿ ಪ್ರಾಜೆಕ್ಟಿನ ಕೋಡ್ ತೆರೆದು, ಕನೆಕ್ಷನ್ ತೆಗೆಯೋ ಸಾಲು ಲೂಪ್ ಒಳಗಿದೆಯಾ ಹೊರಗಿದೆಯಾ ಅಂತ ಇವತ್ತೇ ನೋಡಿ. ಒಳಗಿದ್ರೆ ಪ್ರೋಗ್ರಾಂ ಓಡುವಾಗ ಇನ್ನೊಂದು ಟರ್ಮಿನಲ್‌ನಲ್ಲಿ ‘ಎಸ್‌ಎಸ್ -ಎಸ್’ ಕೊಟ್ಟು ಟೈಮ್-ವೇಟ್ ಹೇಗೆ ಏರತ್ತೆ ಅಂತ ಗಮನಿಸಿ. ಎಲ್ಲಾದ್ರೂ ಪ್ರೋಗ್ರಾಂ ನಿಂತ್ರೆ, ನಿಂತ ಜಾಗದ ಡೇಟಾ ಅಳಿಸೋಕೆ ಹೋಗಬೇಡಿ. ಮೊದಲು ಎಣಿಸಿ.